ಲಿಥಾಪ್ಸ್ ಬೇರು ತೊಳೆದು, ಕತ್ತರಿಸಿ ನೆಟ್ಟ ನನ್ನ ಅನುಭವ

"ಬೇರು ತೊಳೆದರೆ ಲಿಥಾಪ್ಸ್ ಉಳಿಯಲ್ಲ" ಅಂತ ನನಗೆ ಹೇಳದವರಿಲ್ಲ. ಲಿಥಾಪ್ಸ್ ಅಂದರೆ ಬೆಣಚುಕಲ್ಲಿನಂತೆ ಕಾಣುವ, ಎರಡು ದಪ್ಪ ಎಲೆಗಳ ಪುಟ್ಟ ಗಿಡ. ಈಗ ನನ್ನ ಕಿಟಕಿಯಲ್ಲಿ 14 ಗಿಡಗಳಿವೆ. ಎಲ್ಲದರ ಬೇರನ್ನೂ ತೊಳೆದೇ ನೆಟ್ಟಿದ್ದು. ಅದರಲ್ಲಿ ಹಳೆಯದು ಲೆಸ್ಲಿಯೈ ಅನ್ನೋ ಜಾತಿಯದು, ಮೂರು ವರ್ಷದಿಂದ ತಪ್ಪದೆ ಹಳದಿ ಹೂ ಬಿಡುತ್ತಿದೆ.

ಇಲ್ಲಿಗೆ ಬರುವ ಮೊದಲು ಸುಮಾರು 20 ಗಿಡ ಕಳೆದುಕೊಂಡಿದ್ದೇನೆ. ಮೊದಲ ಕಂತಿನವನ್ನು ತಂದ ಮಣ್ಣುಂಡೆ ಸಮೇತ ಒಳ್ಳೆಯ ಜಲ್ಲಿಯಲ್ಲಿ ಕೂರಿಸಿದ್ದೆ. ಹೊರಗಿನ ಜಲ್ಲಿ ಎರಡೇ ದಿನಕ್ಕೆ ಒಣಗುತ್ತಿತ್ತು, ಒಳಗಿನ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉಂಡೆ ಮಾತ್ರ ವಾರಗಟ್ಟಲೆ ಹಸಿ. ಒಂದು ದಿನ ಗಿಡವನ್ನು ಸುಮ್ನೆ ಬೆರಳಿನಿಂದ ಅಲ್ಲಾಡಿಸಿದೆ. ತಲೆ ಕೈಗೆ ಬಂತು, ಕೆಳಗೆಲ್ಲ ಕಂದು ಲೋಳೆ. ಎರಡನೇ ಕಂತು ಎಲೆ ಬದಲಿಸುವಾಗ, ಅಂದರೆ ಹಳೆ ಎಲೆಜೋಡಿ ಬತ್ತಿ ಒಳಗಿಂದ ಹೊಸ ಜೋಡಿ ಬರುವಾಗ, ನೀರು ಹಾಕಿ ಕೆಟ್ಟಿತು. ಹಳೆ ಜೋಡಿ ಕರಗಲೇ ಇಲ್ಲ, ಹೊಸದು ಅದರ ಮೇಲೆ ಅಟ್ಟ ಕಟ್ಟಿತು. ಒಂದಂತೂ ನೀರು ಜಾಸ್ತಿಯಾಗಿ ಪಕ್ಕದಲ್ಲಿ ಸೀಳಿಕೊಂಡಿತು.

ದುಡ್ಡು ಹೋಗಿದ್ದು ಗಿಡಕ್ಕಿಂತ ಕುಂಡಕ್ಕೇ ಜಾಸ್ತಿ. ಚೆಂದ ಅಂತ ಹೊಳಪಿನ ಚಪ್ಪಟೆ ಬಟ್ಟಲುಗಳನ್ನು ತಂದಿದ್ದೆ. ತಾಯಿಬೇರು ಇಳಿಯೋಕೆ ಜಾಗವೇ ಇಲ್ಲ. ಆ ದುಡ್ಡಿಗೆ ಇನ್ನೂ ಹತ್ತು ಗಿಡ ಬರುತ್ತಿದ್ದವು. ಸಕ್ಯುಲೆಂಟ್‌ಗೆ (ನೀರು ತುಂಬಿಕೊಳ್ಳುವ ದಪ್ಪ ಎಲೆಯ ಗಿಡಗಳಿಗೆ) ಅಂತ ಮಾರುವ ಸಿದ್ಧ ಮಣ್ಣಿನ ಚೀಲ ತರುವುದನ್ನೂ ಬಿಟ್ಟೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪೀಟೇ ಇರುತ್ತಿತ್ತು. ಈಗ ಜಲ್ಲಿಯನ್ನು ನಾನೇ ಜರಡಿ ಹಿಡಿಯುತ್ತೇನೆ, ಖರ್ಚು ಕಾಲು ಭಾಗಕ್ಕೆ ಇಳಿದಿದೆ.

ಹಳೆ ಜೋಡಿ ಪೂರ್ತಿ ಬತ್ತಿ ಕಾಗದದಂತೆ ಆದ ಮೇಲೆಯೇ ನಾನು ಗಿಡ ಕೀಳುವುದು. ಉಂಡೆಯನ್ನು ಅರ್ಧ ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ಬಿಡುತ್ತೇನೆ. ಆಮೇಲೆ ಹಳೆ ಮೆತ್ತನೆಯ ಬ್ರಷ್‌ನಿಂದ ಬೇರಿನ ಬುಡದವರೆಗೂ ಬಿಡಿಸುತ್ತೇನೆ. ಬುಡದ ಹತ್ತಿರ ಹತ್ತಿಯಂತೆ ಅಂಟಿದ ಪೀಟ್ ಇರುತ್ತದಲ್ವಾ, ಕೊಳೆತ ಶುರುವಾಗೋದೇ ಅಲ್ಲಿಂದ. ಅದನ್ನು ಬಿಡಲೇಬಾರದು. ಒಣ ನಾರುಬೇರುಗಳನ್ನು ತೆಗೆದು, ತಾಯಿಬೇರಿನ ತುದಿಯಲ್ಲಿ ಸತ್ತ ಭಾಗವನ್ನು ಚೊಕ್ಕ ಬ್ಲೇಡಿನಿಂದ ಕತ್ತರಿಸುತ್ತೇನೆ. ಕತ್ತರಿಸಿದ ಜಾಗ ಬೆಳ್ಳಗಿರಬೇಕು. ಕಂದು ಚುಕ್ಕೆ ಕಂಡರೆ ಇನ್ನೂ ಸ್ವಲ್ಪ ಮೇಲಕ್ಕೆ ಹೋಗುತ್ತೇನೆ. ನಾಲ್ಕೈದು ದಿನ ನೆರಳಿನಲ್ಲಿ ಹಾಗೇ ಬಿಟ್ಟು ಗಾಯ ಒಣಗಿಸುತ್ತೇನೆ. ನೋಡಿದವರೆಲ್ಲ ಬೈದಿದ್ದು ಈ ಹಂತಕ್ಕೇ. ಗಿಡಕ್ಕೆ ಬೇಕಾದ ನೀರೆಲ್ಲ ಆ ಎರಡು ಎಲೆಯಲ್ಲೇ ಇದೆ, ಇನ್ನೂ ಎರಡು ವಾರ ಬಿಟ್ಟರೂ ಏನೂ ಆಗಲ್ಲ.

ಮಿಶ್ರಣದ ಹತ್ತು ಪಾಲಿನಲ್ಲಿ ಎಂಟು ಪಾಲು ಪ್ಯೂಮಿಸ್ (ಜ್ವಾಲಾಮುಖಿಯ ಹಗುರ, ತೂತುತೂತಾದ ಕಲ್ಲು) ಅಥವಾ ಲಾವಾ ಚೂರು, 2ರಿಂದ 5 ಮಿಲಿಮೀಟರ್. ದೂಳನ್ನು ತೊಳೆದು ತೆಗೆದಿರಬೇಕು. ಒಂದು ಪಾಲು ಚೆನ್ನಾಗಿ ಕೊಳೆತ ಎಲೆಗೊಬ್ಬರ. ಹತ್ತನೇ ಪಾಲು ಏನು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದರ ಬದಲು ದಪ್ಪ ಮರಳು ಹಾಕಿದರೂ ನಡೆಯುತ್ತದೆ. ಕುಂಡ 10-12 ಸೆಂಟಿಮೀಟರ್ ಆಳ ಇದ್ದರೆ ಸಾಕು. ಗಿಡವನ್ನು ಭುಜದವರೆಗೆ ಹೂತು, ಸುತ್ತ ಬರೀ ಜಲ್ಲಿ ತುಂಬುತ್ತೇನೆ. ದಕ್ಷಿಣ ಆಫ್ರಿಕಾದ ಬಯಲಲ್ಲೂ ಅದು ತಲೆ ಮಾತ್ರ ಹೊರಗಿಟ್ಟು ಕೂತಿರುತ್ತದೆ. 1811ರಲ್ಲಿ ಇಂಗ್ಲಿಷ್ ಸಸ್ಯಶೋಧಕ ಬರ್ಚೆಲ್ ಅಲ್ಲಿ ಕಲ್ಲು ಅಂದುಕೊಂಡೇ ಅದನ್ನು ಎತ್ತಿಕೊಂಡಿದ್ದು. ಪಕ್ಕಗಳಿಗೆ ಬಿಸಿಲಿನ ಅಭ್ಯಾಸ ಇರಲ್ಲ, ಎತ್ತರದಲ್ಲಿ ನೆಟ್ಟರೆ ಸುಡುತ್ತವೆ.

ಮೊದಲ ನೀರು ಹತ್ತು ದಿನದ ನಂತರ. ಆಮೇಲೆ ಬೆಳಿಗ್ಗೆ ನೋಡಿದಾಗಲೂ ಪಕ್ಕದಲ್ಲಿ ಸುಕ್ಕು ಹಾಗೇ ಇದ್ದರೆ ಮಾತ್ರ ನೀರು. ಸಂಜೆಯ ಸುಕ್ಕನ್ನು ನಾನು ನಂಬುವುದಿಲ್ಲ. ಹೂ ಉದುರಿದ ಮೇಲೆ ಮುಂದಿನ ಕಾಗದದ ಸಿಪ್ಪೆ ಬರುವವರೆಗೂ ಹೂಜಿ ಮುಟ್ಟುವುದೇ ಇಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಒಂದು ಗಿಡವನ್ನು ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ ನೆಟ್ಟು, ಸುತ್ತ ಕಪ್ಪು ಕಾಗದ ಸುತ್ತಿದೆ. ನೀರು ಹಾಕಿದ ಐದನೇ ದಿನಕ್ಕೆ ಗೋಡೆಯ ಪಕ್ಕ ಕೂದಲಿನಂಥ ಬಿಳಿ ಬೇರು ಕಂಡವು. ಚಮಚದಲ್ಲಿ ಸ್ವಲ್ಪ ಸ್ವಲ್ಪ ಹಾಕಿದ ತಿಂಗಳಲ್ಲಿ ಅವು ಬರೀ ಮೇಲ್ಗಡೆ ಬಂದು ಒಣಗಿಹೋದವು. ಅವತ್ತಿನಿಂದ ಹಾಕಿದರೆ ಕೆಳಗಿನ ತೂತಿನಿಂದ ಹರಿಯುವಷ್ಟು, ಇಲ್ಲದಿದ್ದರೆ ಒಂದು ಹನಿಯೂ ಇಲ್ಲ. ಬೇರಿನಲ್ಲಿ ಕೂತಿದ್ದ ಹಿಟ್ಟು ತಿಗಣೆ ಸಿಕ್ಕಿದ್ದೂ ಆ ಲೋಟದಿಂದಲೇ.

ಹೋದ ಸಲ ಎರಡು ಲೆಸ್ಲಿಯೈ ಒಟ್ಟಿಗೆ ಹೂ ಬಿಟ್ಟವು. ಮಧ್ಯಾಹ್ನ ಹೂ ಅರಳಿದ ಮೇಲೆ ಬ್ರಷ್‌ನಿಂದ ಒಂದರ ಪರಾಗ ಇನ್ನೊಂದಕ್ಕೆ ಮುಟ್ಟಿಸಿದೆ. ತಿಂಗಳುಗಟ್ಟಲೆ ಕಾದು, ಒಣಗಿದ ಕಾಯಿ ಮೇಲೆ ಒಂದು ಹನಿ ನೀರು ಬಿಟ್ಟೆ. ಕಣ್ಣೆದುರೇ ನಕ್ಷತ್ರದಂತೆ ಬಿಚ್ಚಿಕೊಂಡಿತು. ಅದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಲ್ಲ. ನೂರು ಬೀಜದಲ್ಲಿ ಅರವತ್ತರಷ್ಟು ಮೊಳೆತವು, ಈಗ ಒಂಬತ್ತು ಉಳಿದಿವೆ. ಬೆಂಕಿಕಡ್ಡಿಯ ತಲೆಯಷ್ಟು ದಪ್ಪ ಆಗಿವೆ, ನಾಲ್ಕು ಆಗಲೇ ಮೊದಲ ಸಿಪ್ಪೆ ಕಳಚುತ್ತಿವೆ.