ಕಾಠ್ಮಂಡು ಹೊತ್ತಿ ಉರಿದಾಗ ಇಪ್ಪತ್ತಾರು ಯಾತ್ರಿಕರನ್ನು ಕಾಪಾಡಿಕೊಂಡ ಬಗೆ: ನನ್ನ ಅನುಭವ

ಹೊರದೇಶಕ್ಕೆ ಯಾತ್ರಾತಂಡ ಕರೆದೊಯ್ಯುವ ಸಹವೃತ್ತಿಯವರಿಗೆ ಟಿಕೆಟ್, ಪರ್ಮಿಟ್, ಅಡುಗೆಯವರ ಏರ್ಪಾಟುಗಳನ್ನು ನಾನು ಹೇಳಿಕೊಡಬೇಕಾಗಿಲ್ಲ. ತಂಗುವ ಜಾಗದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಸಂಸತ್ತಾಗಲಿ ಸಚಿವಾಲಯವಾಗಲಿ ಅಡ್ಡ ಬರಕೂಡದು, ಆ ದಾರಿ ಅಗತ್ಯ ಬಿದ್ದರೆ ನಡೆದು ಹೋಗುವಷ್ಟು ಹತ್ತಿರವಿರಬೇಕು ಎಂದು ಎರಡು ವರ್ಷಗಳಿಂದ ಹೇಳುತ್ತ ಬಂದಿದ್ದೆ. ಇದು ಅತಿ ಎಚ್ಚರಿಕೆ, ಗಿರಾಕಿಗಳು ಕೈಬಿಟ್ಟು ಹೋಗುತ್ತಾರೆ ಎಂದವರೇ ಹೆಚ್ಚು. 2025ರ ಸೆಪ್ಟೆಂಬರ್‌ನಲ್ಲಿ ನೇಪಾಳದಲ್ಲಿ ಅದೇ ಕ್ರಮ ನಮ್ಮನ್ನು ಕಾಪಾಡಿತು.

ಈ ಬುದ್ಧಿ ನನಗೆ ಪುಕ್ಕಟೆಯಾಗಿ ಬರಲಿಲ್ಲ. 2019ರ ಆಗಸ್ಟ್ 12ರಂದು ಹಾಂಗ್‌ಕಾಂಗ್ ವಿಮಾನ ನಿಲ್ದಾಣದೊಳಗೆ ಪ್ರತಿಭಟನಕಾರರು ಕುಳಿತು ಹೊರಡುವ ವಿಮಾನಗಳೆಲ್ಲ ರದ್ದಾದಾಗ, ಇಪ್ಪತ್ತೆರಡು ಜನರೊಂದಿಗೆ ನಾನು ಅಲ್ಲಿದ್ದೆ. ಹಿಂದಿರುಗುವ ಟಿಕೆಟ್ಟನ್ನು ಪ್ರವಾಸದ ಕೊನೆಯ ದಿನಕ್ಕೇ ಅಂಟಿಸಿದ್ದೆನಾದ್ದರಿಂದ ಎರಡು ರಾತ್ರಿಗಳ ಕೋಣೆ, ಊಟ, ಹೊಸ ಟಿಕೆಟ್‌ಗಳ ವ್ಯತ್ಯಾಸ ಎಲ್ಲ ಸೇರಿ ಎರಡೂಮುಕ್ಕಾಲು ಲಕ್ಷದಷ್ಟು ಕೈಯಿಂದ ಹೋಯಿತು. ವಿಮೆಯವರು ಗಲಭೆಯಿಂದಾದ ನಷ್ಟ ಪಾಲಿಸಿಗೆ ಒಳಪಡುವುದಿಲ್ಲವೆಂದು ಒಂದು ಸಾಲಿನ ಪತ್ರ ಕಳುಹಿಸಿದರು. ಪ್ರತಿಭಟನಕಾರರು ಕಪ್ಪು ಉಡುಪಿನಲ್ಲಿದ್ದ ಆ ನಗರದಲ್ಲಿ ನಮ್ಮ ತಂಡದ ಇಬ್ಬರು ಹುಡುಗರೂ ಕಪ್ಪು ಅಂಗಿ ತೊಟ್ಟಿದ್ದರು. ಪೊಲೀಸರು ಅವರನ್ನು ಬದಿಗೆ ಕರೆದು ಅರ್ಧ ಗಂಟೆ ವಿಚಾರಿಸಿದರು. ಅಂದಿನಿಂದ ಒಂದು ದಿನ ಹೆಚ್ಚುವರಿ, ಬಣ್ಣದ ಬಗ್ಗೆ ಎಚ್ಚರ, ಇವೆರಡು ನಿಯಮಗಳಾದವು. ನಮ್ಮ ಸಂಸ್ಥೆಯ ಕೇಸರಿ ಟೊಪ್ಪಿಗೆಯನ್ನೂ ಬಾವುಟವನ್ನೂ ಆಗಲೇ ಕೈಬಿಟ್ಟೆ. ನಡುವೆ ಒಂಬತ್ತು ಸಾವಿರ ಕೊಟ್ಟು ವಾಕಿಟಾಕಿ ಜೋಡಿಯೊಂದನ್ನು ತರಿಸಿದ್ದೆ. ಹೊರದೇಶದಲ್ಲಿ ಅದಕ್ಕೆ ಪರವಾನಗಿಯ ತೊಡಕಿದೆಯೆಂದು ತಿಳಿದ ಮೇಲೆ ಅದು ಬೀರುವಿನಲ್ಲೇ ಉಳಿಯಿತು.

ವಸತಿಯ ನಿಯಮ ಹುಟ್ಟಿದ್ದು ಕಾಠ್ಮಂಡುವಿನಲ್ಲಿಯೇ. ಎಲ್ಲರಂತೆ ನಾನೂ ಪ್ರವಾಸಿಗರ ಪೇಟೆಯಾದ ಥಮೆಲ್‌ನಲ್ಲಿ ಕೋಣೆ ಹಿಡಿಯುತ್ತಿದ್ದೆ. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಹೆದ್ದಾರಿ ಮೈತಿಘರ್, ನ್ಯೂ ಬಾನೇಶ್ವರಗಳನ್ನು ಹಾಯ್ದು ಹೋಗುತ್ತದೆ. ಮೈತಿಘರ್ ಧರಣಿಗಳ ಜಾಗ, ಬಾನೇಶ್ವರದಲ್ಲಿ ಆಗ ಸಂಸತ್ತಿತ್ತು. ಒಮ್ಮೆ ಮೆರವಣಿಗೆಯೊಂದರ ನಡುವೆ ಬಸ್ಸು ಸಿಕ್ಕಿಕೊಂಡು, ವಯಸ್ಸಾದವರು ಪೆಟ್ಟಿಗೆ ಎಳೆದುಕೊಂಡು ನಡೆಯುವುದನ್ನು ನೋಡಿದ ಮೇಲೆ, ವಸತಿಯನ್ನು ಪಶುಪತಿನಾಥ ದೇವಸ್ಥಾನದ ಬಳಿಯ ಗೌಶಾಲಾಕ್ಕೆ ಬದಲಿಸಿದೆ. ಅಲ್ಲಿಂದ ತಿಲಗಂಗಾ ಮಾರ್ಗವಾಗಿ ನಿಲ್ದಾಣ ಸುಮಾರು ಎರಡು ಕಿಲೋಮೀಟರ್. ಬಾನೇಶ್ವರವನ್ನು ಮುಟ್ಟಬೇಕಾಗಿಯೇ ಇಲ್ಲ. “ಏನಪ್ಪ, ಪೇಟೆಯಲ್ಲಿ ಇಳಿಸಿದ್ದಿದ್ದರೆ ನಾಲ್ಕು ಅಂಗಡಿಯಾದರೂ ನೋಡುತ್ತಿದ್ದೆವಲ್ಲ” ಎಂದು ತಂಡದ ಹಿರಿಯರೊಬ್ಬರು ಈ ಸಲವೂ ಬೇಸರಪಟ್ಟರು.

ಸೆಪ್ಟೆಂಬರ್ 4ರಂದು ಸರ್ಕಾರ ಇಪ್ಪತ್ತಾರು ಸಾಮಾಜಿಕ ಜಾಲತಾಣಗಳನ್ನು ನಿರ್ಬಂಧಿಸಿದಾಗ ನಾವು ಮುಕ್ತಿನಾಥ ಮುಗಿಸಿ ಪೋಖರಾದಲ್ಲಿದ್ದೆವು. ನಮ್ಮ ವಾಟ್ಸಾಪ್ ಗುಂಪು ಮೂಕವಾಯಿತು. ಸರ್ಕಾರದಲ್ಲಿ ನೋಂದಣಿ ಮಾಡಿಸಿಕೊಂಡಿದ್ದ, ವಾಟ್ಸಾಪ್ ಥರದ್ದೇ ಆದ ವೈಬರ್ ನಡೆಯುತ್ತಿದ್ದುದರಿಂದ ಅದನ್ನು ಅಂದೇ ಎಲ್ಲರ ಫೋನಿಗೆ ಹಾಕಿಸಿದೆ. ಜಾಲತಾಣ ನಿಂತರೆ ಯುವಜನ ಬೀದಿಗೆ ಇಳಿಯುತ್ತಾರೆಂದು ನನಗೆ ಅನ್ನಿಸಿತ್ತು. ಕಾಠ್ಮಂಡುವಿಗೆ ಬಂದ ಮೇಲೆ 7ರ ರಾತ್ರಿ ಚಂದ್ರಗ್ರಹಣ. ಮೋಕ್ಷಸ್ನಾನ ಮುಗಿಸಿ ಮಲಗುವಾಗ ಎರಡು ಗಂಟೆಯಾಗಿತ್ತು. ಆದರೂ 8ರ ಬೆಳಿಗ್ಗೆ ಐದಕ್ಕೇ ಎಬ್ಬಿಸಿ, ಪಶುಪತಿನಾಥನ ದರ್ಶನ ಮಾಡಿಸಿ, ಒಂಬತ್ತರೊಳಗೆ ಎಲ್ಲರನ್ನೂ ಕೋಣೆ ಸೇರಿಸಿದೆ. ಅಂದು ಬಾನೇಶ್ವರದಲ್ಲಿ ಪ್ರತಿಭಟಿಸುತ್ತಿದ್ದ ಯುವಜನರ ಮೇಲೆ ಪೊಲೀಸರ ಗುಂಡು ಹಾರಿತು, ದೇಶದಲ್ಲೆಲ್ಲ ಸೇರಿ ಹತ್ತೊಂಬತ್ತು ಜನ ಸತ್ತರು. ನಮ್ಮ ಯಾತ್ರಿಕರ ಮೊಮ್ಮಕ್ಕಳ ವಯಸ್ಸಿನವರು. ಸುದ್ದಿ ತಿಳಿದಾಗ ಅಡುಗೆ ಭಟ್ಟರು ಒಲೆ ಆರಿಸಿ ಬಹಳ ಹೊತ್ತು ಸುಮ್ಮನೆ ಕುಳಿತರು.

ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ಸಂಸತ್ತಿಗೂ ಸಚಿವಾಲಯವಿದ್ದ ಸಿಂಹದರ್ಬಾರಿಗೂ ಬೆಂಕಿ ಬಿತ್ತು, ವಿಮಾನ ನಿಲ್ದಾಣ ಮುಚ್ಚಿತು. ಬೀದಿಯ ಕಡೆಯ ಕೋಣೆಗಳನ್ನು ಖಾಲಿ ಮಾಡಿಸಿ ಎಲ್ಲರನ್ನೂ ಹಿಂಬದಿಗೆ ಸರಿಸಿದೆ. ತಂಡದ ಒಬ್ಬರು ತಾರಸಿಗೆ ಹತ್ತಿ ಹೊಗೆಯ ವಿಡಿಯೊ ತೆಗೆಯುತ್ತಿದ್ದರು. ಕೆಳಗಿನ ಗುಂಪಿನಲ್ಲಿದ್ದವನೊಬ್ಬ ತಲೆಯೆತ್ತಿ ನೋಡಿ ಕೂಗಿದ. ನಾನು ಫೋನನ್ನು ಅವರ ಕೈಯಿಂದಲೇ ಕಿತ್ತುಕೊಂಡೆ, ಅದಕ್ಕೆ ಇಂದಿಗೂ ಕ್ಷಮೆ ಕೇಳಿಲ್ಲ. ಪಟ್ಟಣದೊಳಗಿನ ದೊಡ್ಡ ಹೋಟೆಲೊಂದು ಅಂದೇ ಸುಟ್ಟುಹೋಯಿತು.

ಸುತ್ತಲಿನ ಎಟಿಎಂಗಳೆಲ್ಲ ಮುಚ್ಚಿದ್ದರೂ ನಮಗೆ ತೊಂದರೆಯಾಗಲಿಲ್ಲ. ಆಗ ಅಲ್ಲಿ ನೂರಕ್ಕಿಂತ ದೊಡ್ಡ ಭಾರತೀಯ ನೋಟು ನಡೆಯುತ್ತಿರಲಿಲ್ಲವಾದ್ದರಿಂದ ಅರವತ್ತು ಸಾವಿರದಷ್ಟು ನೂರರ ನೋಟುಗಳನ್ನು ಹಲವರ ಚೀಲಗಳಲ್ಲಿ ಹಂಚಿಟ್ಟಿದ್ದೆ. ನಮ್ಮ ನೂರಕ್ಕೆ ಅಲ್ಲಿ ನೂರ ಅರವತ್ತು ನೇಪಾಳಿ ರೂಪಾಯಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ವಾರಕ್ಕೆ ಹೆಚ್ಚುವರಿ ಇದ್ದವು. ಗೊಜ್ಜವಲಕ್ಕಿ, ಚಟ್ನಿಪುಡಿಯಲ್ಲಿ ಎರಡು ದಿನ ಕಳೆದೆವು. ಪ್ರತಿಯೊಬ್ಬರ ಜೇಬಿನಲ್ಲೂ ಗುರುತಿನ ಚೀಟಿಯ ನಕಲು, ಭಾರತೀಯ ರಾಯಭಾರ ಕಚೇರಿಯ ಸಂಖ್ಯೆ, ನೇಪಾಳಿಯಲ್ಲಿ ಬರೆದ ವಸತಿಯ ವಿಳಾಸ ಇತ್ತು. ಯಾವ ಬೀದಿ ಯಾವಾಗ ಶಾಂತವಾಗಿದೆಯೆಂದು ನಾನು ಯಾರಿಂದ ತಿಳಿಯುತ್ತಿದ್ದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಆ ಸಂಪರ್ಕ ಬೆಳೆಸಲು ನನಗೆ ಹನ್ನೊಂದು ವರ್ಷ ಹಿಡಿದಿದೆ.

10ರ ಸಂಜೆ ನಿಲ್ದಾಣ ತೆರೆಯಿತು. 11ರ ನಸುಕಿನಲ್ಲಿ ನಾವು ಸಾಲಾಗಿ ನಡೆದೇ ಹೊರಟೆವು. ನಡೆಯಲಾರದ ಇಬ್ಬರನ್ನು ವಸತಿಗೃಹದವರ ತಳ್ಳುಗಾಡಿಯಲ್ಲಿ ಕೂರಿಸಿದೆವು. ತಿಲಗಂಗಾದ ಬಳಿ ತಡೆದ ಸೈನಿಕರು ಮುದ್ರಿತ ಟಿಕೆಟ್‌ಗಳನ್ನು ಒಂದೊಂದಾಗಿ ನೋಡಿ ಬಿಟ್ಟರು. ಫೋನಿನಲ್ಲಿ ಮಾತ್ರ ಟಿಕೆಟ್ ಇದ್ದ ಬೇರೆ ತಂಡದವರು ಚಾರ್ಜ್ ಇಲ್ಲದೆ ಅಲ್ಲಿಯೇ ನಿಂತಿದ್ದರು.

ಹೆಚ್ಚಿನ ಖರ್ಚು ಹೆಚ್ಚೆಂದರೆ ಅರವತ್ತೆಂಟು ಸಾವಿರ ಬಂತು. ಪೇಟೆ ನೋಡಲಾಗಲಿಲ್ಲವೆಂದ ಹಿರಿಯರು ಬೆಂಗಳೂರಿನಲ್ಲಿ ಇಳಿದ ಮೇಲೆ ನನ್ನ ತಲೆ ಮುಟ್ಟಿ ಹರಸಿದರು. ಬರುವ ಯಾತ್ರೆಗೂ ಗೌಶಾಲಾದ ಅದೇ ವಸತಿಗೃಹಕ್ಕೆ ಮುಂಗಡ ಕೊಟ್ಟಿದ್ದೇನೆ. ಮಾಲೀಕರು ಬಾಡಿಗೆ ಏರಿಸಿದ್ದಾರೆ, ನಾನು ಚೌಕಾಸಿ ಮಾಡಲಿಲ್ಲ.