ಗ್ಯಾಸ್ ದರ ಏರಿದಾಗ: ಮನೆ ಬೆಚ್ಚಗಿಡುವ ಬಿಲ್ ಓದುವುದು ಹೇಗೆ, ಇಳಿಸುವುದು ಹೇಗೆ?

ಬಿಲ್ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಕೊನೆಯ ಸಾಲಿಗೆ. ಎಷ್ಟು ಕಟ್ಟಬೇಕು? ನಾನೂ ಮೊದಲ ಚಳಿಗಾಲ ಪೂರ್ತಿ ಹಾಗೇ ನೋಡಿದೆ, ಹಾಗೇ ಗಾಬರಿಪಟ್ಟೆ. ಬಿಲ್‌ನಲ್ಲಿ ಎರಡು ಬೇರೆ ಬೇರೆ ಲೆಕ್ಕ ಇರುತ್ತದೆ, ಒಂದು ದರ, ಇನ್ನೊಂದು ನಾವು ಸುಟ್ಟ ಗ್ಯಾಸ್, ಅವೆರಡನ್ನೂ ಬಿಡಿಸಿ ನೋಡದಿದ್ದರೆ ಏನು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಇದು ತಿಳಿಯುವಷ್ಟರಲ್ಲಿ ಮಾರ್ಚ್ ಬಂದಿತ್ತು.

ನಾನು ಹೇಳುತ್ತಿರುವುದು ಇನುವಿಕ್ ಊರಿನ ಮಾತು. ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ, ಆರ್ಕ್‌ಟಿಕ್ ವೃತ್ತದಿಂದ ಇನ್ನೂ 200 ಕಿಲೋಮೀಟರ್ ಉತ್ತರಕ್ಕಿದೆ. ಸುಮಾರು 3,000 ಜನ. ಜನವರಿಯ ಸರಾಸರಿ ತಾಪಮಾನ ಮೈನಸ್ 27 ಡಿಗ್ರಿ. ಡಿಸೆಂಬರ್ ಮೊದಲ ವಾರದಿಂದ ಸುಮಾರು ಒಂದು ತಿಂಗಳು ಸೂರ್ಯ ಮೇಲೇಳುವುದೇ ಇಲ್ಲ. ಇಲ್ಲಿ ಹೀಟರ್ ಅಂದರೆ ಅನ್ನ, ನೀರು ಇದ್ದಹಾಗೆ. ಕೆಲಸ ಸಿಕ್ಕಿ ಉತ್ತರ ಕೆನಡಾಗೆ ಹೊರಟ ಕನ್ನಡಿಗರು ಸಂಬಳ ಕೇಳುತ್ತಾರೆ, ಬಾಡಿಗೆ ಕೇಳುತ್ತಾರೆ, ಇದೊಂದನ್ನು ಕೇಳುವುದಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಗ್ಯಾಸ್ ಎಲ್ಲಿಂದ ಬರುತ್ತದೆ, ಕೇಳಿಕೊಳ್ಳಿ

ದರ ಯಾಕೆ ಏರಿತು ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಇನುವಿಕ್‌ಗೆ 1999ರಿಂದ ಹತ್ತಿರದ ಇಖಿಲ್ ಬಾವಿಗಳಿಂದ ಪೈಪಿನಲ್ಲಿ ನೈಸರ್ಗಿಕ ಅನಿಲ ಬರುತ್ತಿತ್ತು. ಊರಿನಿಂದ ಸುಮಾರು 50 ಕಿಲೋಮೀಟರ್ ಅಷ್ಟೇ. ಆಮೇಲೆ ಬಾವಿಗೆ ನೀರು ನುಗ್ಗಿತು. 2012ರ ಹೊತ್ತಿಗೆ ಊರು ಅದನ್ನು ನಂಬಿ ಕೂರುವ ಹಾಗಿರಲಿಲ್ಲ. ಅದರ ಬದಲಿಗೆ ಪ್ರೊಪೇನ್ ಅನ್ನೋ ಇನ್ನೊಂದು ಗ್ಯಾಸ್ ತಂದು, ಗಾಳಿ ಬೆರೆಸಿ, ಅದೇ ಪೈಪುಗಳಲ್ಲಿ ಕಳಿಸತೊಡಗಿದರು. ಪ್ರೊಪೇನ್‌ಗೆ ಕಾವು ಜಾಸ್ತಿ, ಹಾಗೇ ಬಿಟ್ಟರೆ ಹಳೇ ಒಲೆ, ಮನೆ ಕಾಯಿಸುವ ಫರ್ನೇಸ್‌ಗಳಿಗೆ ಒಗ್ಗುವುದಿಲ್ಲ. ಗಾಳಿ ಬೆರೆಸಿದರೆ ಅದೇ ಬರ್ನರ್‌ಗಳಲ್ಲಿ ಉರಿಯುತ್ತದೆ.

ಆದರೆ ಈ ಪ್ರೊಪೇನ್ ಬರುವುದು ಲಾರಿಯಲ್ಲಿ. ಯೂಕಾನ್‌ನ ಡಾಸನ್ ಹತ್ತಿರದಿಂದ ಹೊರಡುವ ಡೆಂಪ್‌ಸ್ಟರ್ ಹೆದ್ದಾರಿ ಇಲ್ಲಿಗೆ ಬರುವಷ್ಟರಲ್ಲಿ 700 ಕಿಲೋಮೀಟರ್‌ಗೂ ಹೆಚ್ಚು ಜಲ್ಲಿ ರಸ್ತೆ. ನಡುವೆ ಪೀಲ್ ಮತ್ತು ಮೆಕೆಂಜಿ ಅಂತ ಎರಡು ನದಿ. ಬೇಸಿಗೆಯಲ್ಲಿ ದೋಣಿ ದಾಟಿಸುತ್ತದೆ, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೇ ಲಾರಿ ಹೋಗುತ್ತದೆ. ನೀರು ಹೆಪ್ಪುಗಟ್ಟುವಾಗ ಮತ್ತು ಮಂಜು ಒಡೆಯುವಾಗ ಎರಡೂ ಇಲ್ಲ, ವಾರಗಟ್ಟಲೆ ದಾರಿ ಬಂದ್. ಹಾಗಾಗಿ ಮುಂಚೆಯೇ ತಂದು ತುಂಬಿಟ್ಟಿರಬೇಕು. ಗ್ಯಾಸಿನ ಬೆಲೆಯ ಜೊತೆ ಲಾರಿಯ ಡೀಸೆಲ್, ಸಂಗ್ರಹದ ಖರ್ಚು ಎಲ್ಲ ನಮ್ಮ ಬಿಲ್‌ಗೇ ಬಂದು ಕೂರುತ್ತದೆ.

ನನಗೆ ಹೊಟ್ಟೆ ಉರಿಯುವುದು ಇನ್ನೊಂದು ವಿಷಯಕ್ಕೆ. ಈ ಮೆಕೆಂಜಿ ನದಿಮುಖದ ನೆಲದಡಿ ಅನಿಲ ಬೇಕಾದಷ್ಟಿದೆ. ಅದನ್ನು ದಕ್ಷಿಣಕ್ಕೆ ಸಾಗಿಸುವ ಸುಮಾರು 1,200 ಕಿಲೋಮೀಟರ್ ಪೈಪಿನ ಯೋಜನೆ ವರ್ಷಾನುಗಟ್ಟಲೆ ಚರ್ಚೆಯಾಗಿ, ಕೊನೆಗೆ 2017ರಲ್ಲಿ ಕೈಬಿಟ್ಟರು. ಹೊಳೆಯ ದಡದಲ್ಲಿ ಮನೆ ಕಟ್ಟಿಕೊಂಡು ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟಹಾಗಿದೆ ಇಲ್ಲಿಯವರ ಪಾಡು. ತಲೆಮಾರುಗಳಿಂದ ಇಲ್ಲೇ ಬಾಳಿದ ಇನುವಿಯಾಲುಯಿಟ್ ಮತ್ತು ಗ್ವಿಚಿನ್ ಮನೆಗಳವರೂ ಇದನ್ನೇ ಕಟ್ಟುತ್ತಿದ್ದಾರೆ. ಇದು ನ್ಯಾಯವಲ್ಲ.

ಆಮೇಲೆ: ದರ ಬೇರೆ, ಬಳಕೆ ಬೇರೆ

ಬಿಲ್‌ನಲ್ಲಿ ಹುಡುಕಬೇಕಾದದ್ದು ಗಿಗಾಜೂಲ್. ಅದು ಶಾಖದ ಅಳತೆ. ಒಂದು ಗಿಗಾಜೂಲ್ ಅಂದರೆ 278 ಯೂನಿಟ್ ಕರೆಂಟಿನಷ್ಟು. ಅದರ ಜೊತೆ ಪ್ರತಿ ತಿಂಗಳ ನಿಗದಿ ಶುಲ್ಕ ಇರಬಹುದು, ಮೇಲೆ 5 ಶೇಕಡಾ ಜಿಎಸ್‌ಟಿ. ನಿಗದಿ ಶುಲ್ಕ ನೀವು ಗ್ಯಾಸ್ ಸುಟ್ಟರೂ ಬರುತ್ತದೆ, ಸುಡದಿದ್ದರೂ ಬರುತ್ತದೆ. ಅದನ್ನು ಬದಿಗಿಡಿ.

ಈಗ ಒಂದು ಲೆಕ್ಕ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಬಿಲ್‌ನವನ್ನು ಹಾಕಿಕೊಳ್ಳಿ. ಹೋದ ಜನವರಿಯಲ್ಲಿ 22 ಗಿಗಾಜೂಲ್, ಒಂದಕ್ಕೆ 30 ಡಾಲರ್, ಒಟ್ಟು 660. ಈ ಜನವರಿ 24 ಗಿಗಾಜೂಲ್, ಒಂದಕ್ಕೆ 34 ಡಾಲರ್, ಒಟ್ಟು 816. ಜಾಸ್ತಿಯಾಗಿದ್ದು 156 ಡಾಲರ್. ಅದರಲ್ಲಿ ದರದಿಂದ ಬಂದದ್ದು 22 ಸಲ 4, ಅಂದರೆ 88. ಉಳಿದ 68 ಡಾಲರ್ ನೀವು ಹೆಚ್ಚಿಗೆ ಸುಟ್ಟ ಎರಡು ಗಿಗಾಜೂಲ್‌ನದು.

ಹಾಗಾದರೆ ಆ ಎರಡು ಗಿಗಾಜೂಲ್ ನಿಮ್ಮ ತಪ್ಪಾ? ಅಲ್ಲದಿರಬಹುದು. ಚಳಿ ಎಷ್ಟಿತ್ತು ನೋಡಬೇಕು. ಇದಕ್ಕೆ ಡಿಗ್ರಿ-ದಿನ ಅಂತ ಒಂದು ಅಳತೆ ಇದೆ. ದಿನದ ಸರಾಸರಿ ತಾಪಮಾನ 18 ಡಿಗ್ರಿಗಿಂತ ಎಷ್ಟು ಕೆಳಗಿದೆಯೋ ಅಷ್ಟು ಅಂಕ. ಮೈನಸ್ 27 ಇದ್ದ ದಿನಕ್ಕೆ 45 ಅಂಕ. ಇನುವಿಕ್‌ನಲ್ಲಿ ಇಡೀ ವರ್ಷ ಕೂಡಿಸಿದರೆ 9,500ರ ಆಸುಪಾಸು. ದಿನದಿನದ ಅಂಕಿ ಎನ್ವಿರಾನ್‌ಮೆಂಟ್ ಕೆನಡಾ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹೋದ ಜನವರಿ ಸರಾಸರಿ ಮೈನಸ್ 24 ಇದ್ದು ಈ ಸಲ ಮೈನಸ್ 29 ಆಗಿದ್ದರೆ, ಅಂಕ 1,302ರಿಂದ 1,457ಕ್ಕೆ ಏರಿತು. ಪ್ರತಿ ಸಾವಿರ ಅಂಕಕ್ಕೆ ಆಗ 16.9 ಗಿಗಾಜೂಲ್ ಸುಟ್ಟಿದ್ದಿರಿ, ಈಗ 16.5. ಅಂದರೆ ಬಿಲ್ ಏರಿದರೂ ನಿಮ್ಮ ಮನೆ ಮೊದಲಿಗಿಂತ ಚೆನ್ನಾಗಿ ಶಾಖ ಹಿಡಿದಿದೆ! ಬಿಸಿನೀರು, ಅಡುಗೆಯೂ ಗ್ಯಾಸಿನಲ್ಲೇ ಆದರೆ, ಹೀಟರ್ ಹಾಕದ ಜುಲೈ ತಿಂಗಳ ಬಳಕೆಯನ್ನು ಮೊದಲು ಕಳೆದುಬಿಡಿ.

ನಾನು ಇದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ತಿಂಗಳಿಗೆ ಐದು ನಿಮಿಷದ ಕೆಲಸ.

ಗಾಳಿ ನುಸುಳುವ ಜಾಗ ಹುಡುಕಲು ಊದುಬತ್ತಿ

ಹೊರಗೆ ಗಾಳಿ ಬೀಸುವ ದಿನ ನೋಡಿ ಮಾಡಿ. ಕಿಟಕಿ, ಬಾಗಿಲು ಎಲ್ಲ ಮುಚ್ಚಿ. ಫರ್ನೇಸ್ ಮತ್ತು ಗೀಸರ್ ಆರಿಸಿ, ಇದನ್ನು ಮರೆಯಬೇಡಿ, ಇಲ್ಲದಿದ್ದರೆ ಹೊಗೆ ಒಳಗೆ ಎಳೆಯಬಹುದು. ಅಡುಗೆಮನೆಯ ಮತ್ತು ಬಚ್ಚಲಿನ, ಗಾಳಿ ಹೊರಗೆ ತಳ್ಳುವ ಫ್ಯಾನ್ ಹಾಕಿ. ಒಂದು ಊದುಬತ್ತಿ ಹಚ್ಚಿಕೊಂಡು, ಪರದೆಗೆ ತಾಗದ ಹಾಗೆ, ಗೋಡೆಯ ಅಂಚಿನುದ್ದಕ್ಕೂ ನಿಧಾನಕ್ಕೆ ನಡೆಯಿರಿ. ಹೊಗೆ ನೆಟ್ಟಗೆ ಮೇಲೇಳುತ್ತಿದ್ದರೆ ಸರಿ. ಅಡ್ಡ ಬಾಗಿದರೆ ಅಲ್ಲಿ ಸಂದು ಇದೆ.

ಮೊದಲ ಸಲ ಹೀಗೆ ಮಾಡಿದಾಗ ಕಿಟಕಿಯದೇ ತೊಂದರೆ ಅಂದುಕೊಂಡಿದ್ದೆ. ಆದರೆ ಹೊಗೆ ಜೋರಾಗಿ ಬಾಗಿದ್ದು ಹೊರಗೋಡೆಯ ಪ್ಲಗ್ ಪಾಯಿಂಟಿನ ಮುಂದೆ. ಕೈ ಇಟ್ಟರೆ ಫ್ರಿಜ್ಜಿನ ಬಾಗಿಲು ತೆರೆದಷ್ಟು ತಣ್ಣಗೆ. ಪ್ಲೇಟಿನ ಹಿಂದೆ ಇಡಲು ಫೋಮ್ ಹಾಳೆ ಅಂಗಡಿಯಲ್ಲೇ ಸಿಗುತ್ತದೆ. ಮೇನ್ ಸ್ವಿಚ್ ಆರಿಸಿ ಹಾಕಿ. ಹೊಸ್ತಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಗೆ ಒಳಗಿನಿಂದ ಅಂಟಿಸಿ ಹೇರ್ ಡ್ರೈಯರ್‌ನಿಂದ ಬಿಗಿ ಮಾಡುವ ಪ್ಲಾಸ್ಟಿಕ್ ಹಾಳೆ, ಅಟ್ಟದ ಮುಚ್ಚಳದ ಸುತ್ತ ಫೋಮ್. ಹೊಸ ಕಿಟಕಿಗೆ ಸಾವಿರಾರು ಡಾಲರ್ ಸುರಿಯುವ ಮುಂಚೆ ಇವನ್ನು ಮುಗಿಸಿ.

ಒಂದು ಎಚ್ಚರಿಕೆ. ಇಲ್ಲಿಯ ಮನೆಗಳು ಕಂಬಗಳ ಮೇಲೆ ನಿಂತಿವೆ. ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಹಾಗೇ ಇರಲೂಬೇಕು. ಗಾಳಿ ಬರುತ್ತದೆ ಅಂತ ಮನೆಯಡಿಯ ಜಾಗವನ್ನು ಸುತ್ತ ಮುಚ್ಚಿಬಿಟ್ಟರೆ ನೆಲ ಕರಗಿ, ಕಂಬ ಸರಿದು, ಮನೆಯೇ ವಾಲಬಹುದು. ನಿರೋಧಕ ಹಾಕುವುದಾದರೆ ಮನೆಯ ತಳಕ್ಕೇ ಹಾಕಿಸಬೇಕು.

ಥರ್ಮೋಸ್ಟಾಟ್ ಎಷ್ಟಿಡಬೇಕು?

ಥರ್ಮೋಸ್ಟಾಟ್ ಅಂದರೆ ಮನೆಯೊಳಗೆ ಎಷ್ಟು ಬಿಸಿ ಇರಬೇಕು ಅಂತ ಗೊತ್ತುಮಾಡುವ ಗುಂಡಿ. ಒಳಗೆ 22, ಹೊರಗೆ ಮೈನಸ್ 27 ಅಂದರೆ 49 ಡಿಗ್ರಿ ವ್ಯತ್ಯಾಸ. ಶಾಖ ಸೋರುವುದು ಈ ವ್ಯತ್ಯಾಸದ ಲೆಕ್ಕದಲ್ಲಿ. 20ಕ್ಕೆ ಇಳಿಸಿದರೆ 47. ನಾಲ್ಕು ಶೇಕಡಾ ಉಳಿತಾಯ. ಪವಾಡ ಏನಲ್ಲ, ಆದರೆ ಎಂಟು ತಿಂಗಳ ಚಳಿಯಲ್ಲಿ ಸೇರುತ್ತಾ ಹೋಗುತ್ತದೆ. ಒಂದು ಸ್ವೆಟರ್, ಉಣ್ಣೆಯ ಕಾಲುಚೀಲ ಇದ್ದರೆ 20 ಆರಾಮ.

ಅದಕ್ಕಿಂತ ತುಂಬಾ ಇಳಿಸಬೇಡಿ. ಬಿಲ್ ನೋಡಿ ಹೆದರಿ ನಾನೊಮ್ಮೆ ಊರು ಬಿಟ್ಟು ಹೋಗುವಾಗ 10ಕ್ಕೆ ಇಳಿಸಿದ್ದೆ. ವಾಪಸ್ ಬಂದಾಗ ಸಿಂಕಿನ ಕೆಳಗಿನ, ಹೊರಗೋಡೆಗೆ ತಾಗಿದ ಪೈಪ್ ಹೆಪ್ಪುಗಟ್ಟಿತ್ತು. ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಪ್ಲಂಬರ್‌ಗೆ ಕೊಟ್ಟೆ. ಊರಿಗೆ ಹೋದಾಗ 15ಕ್ಕಿಂತ ಕೆಳಗೆ ಬೇಡ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆಗೆದಿಡಿ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗಿ.

ನಮ್ಮ ಅಡುಗೆಯ ಬಗ್ಗೆಯೂ ಹೇಳಬೇಕು. ಒಗ್ಗರಣೆ ಹಾಕುವಾಗ ಫ್ಯಾನ್ ಬೇಕೇ ಬೇಕು. ಆದರೆ ಅದು ಹೊರಗೆ ತಳ್ಳುವಷ್ಟು ಬಿಸಿ ಗಾಳಿಯ ಬದಲು ಮೈನಸ್ 30ರ ಗಾಳಿ ಸಂದಿಗಳಿಂದ ಒಳಗೆ ಬರುತ್ತದೆ. ಘಾಟು ಹೋದ ಮೇಲೆ ಆರಿಸಿ. ಸಾರು ಕುದಿಸುವಾಗ ಮುಚ್ಚಳ ಮುಚ್ಚಿ, ಇಲ್ಲದಿದ್ದರೆ ಆ ಹಬೆಯೆಲ್ಲ ಕಿಟಕಿ ಗಾಜಿನ ಮೇಲೆ ಬೆಳಗಾಗುವಷ್ಟರಲ್ಲಿ ಬೆರಳು ದಪ್ಪದ ಮಂಜು. ಚಳಿ ತಡೆಯಲು ಓವನ್ ಬಾಗಿಲು ತೆಗೆದಿಡುವುದು ಮಾತ್ರ ಯಾವತ್ತೂ ಬೇಡ. ಗ್ಯಾಸ್ ಸರಿಯಾಗಿ ಉರಿಯದಾಗ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲಕ್ಕೆ ವಾಸನೆ ಇಲ್ಲ. ಅದರ ಅಲಾರಂ ಇಲ್ಲದ ಮನೆಯಲ್ಲಿ ಒಂದು ರಾತ್ರಿಯೂ ಮಲಗಬೇಡಿ.

ಫರ್ನೇಸ್ ಮತ್ತು ಸಹಾಯ

ಫಿಲ್ಟರ್ ತಿಂಗಳಿಗೊಮ್ಮೆ ನೋಡಿ. ಹೊರಗಿನ ಹೊಗೆ ಪೈಪಿನ ಬಾಯಿಯಲ್ಲಿ ಮಂಜು ಕಟ್ಟಿದ್ದರೆ ತೆಗೆಯಿರಿ. ಹಳೇ ಫರ್ನೇಸ್ 80 ಶೇಕಡಾ ದಕ್ಷತೆಯದಾದರೆ, ಮನೆಗೆ 100 ಗಿಗಾಜೂಲ್ ಶಾಖ ಬೇಕಾದಾಗ 125 ಕೊಳ್ಳಬೇಕು. 95 ಶೇಕಡಾದ್ದಾದರೆ 105 ಸಾಕು. ದರ ಜಾಸ್ತಿಯಾದಷ್ಟೂ ಆ 20 ಗಿಗಾಜೂಲ್‌ನ ಬೆಲೆ ಜಾಸ್ತಿ.

ಆರ್ಕ್‌ಟಿಕ್ ಎನರ್ಜಿ ಅಲಯನ್ಸ್ ಅಂತ ಒಂದು ಲಾಭರಹಿತ ಸಂಸ್ಥೆ ಇದೆ. ಮನೆಗೆ ಬಂದು ಪರೀಕ್ಷೆ ಮಾಡುತ್ತಾರೆ, ದಕ್ಷ ಉಪಕರಣಗಳಿಗೆ ಒಂದಿಷ್ಟು ಹಣ ವಾಪಸ್ ಕೊಡಿಸುತ್ತಾರೆ. ಕೊಳ್ಳುವ ಮುಂಚೆ ಫೋನ್ ಮಾಡಿ ನಿಯಮ ಕೇಳಿಕೊಳ್ಳಿ. ಬಾಡಿಗೆ ಮನೆಯಾದರೆ ಗ್ಯಾಸ್ ಬಿಲ್ ಯಾರು ಕಟ್ಟಬೇಕು ಅಂತ ಸಹಿ ಹಾಕುವ ಮುಂಚೆಯೇ ಬರೆಸಿಕೊಳ್ಳಿ, ಹಿಂದಿನ ಚಳಿಗಾಲದ ಬಿಲ್ ತೋರಿಸಿ ಅಂತಲೂ ಕೇಳಿ. ಕಟ್ಟಲು ಆಗದಿದ್ದರೆ ಸುಮ್ನೆ ಕೂರಬೇಡಿ, ಬಾಕಿ ಬೆಳೆಯುವ ಮುಂಚೆ ಗ್ಯಾಸ್ ಕಚೇರಿಗೆ ಹೋಗಿ ಕಂತು ಮಾಡಿಕೊಡಿ ಅಂತ ಕೇಳಿ. 60 ದಾಟಿದವರಿಗೆ, ಆದಾಯ ಕಡಿಮೆ ಇದ್ದರೆ, ಮನೆ ಕಾಯಿಸುವ ಖರ್ಚಿಗೆ ಟೆರಿಟರಿ ಸರ್ಕಾರದ ಸಹಾಯಧನ ಇದೆ. ನಮ್ಮ ಬೀದಿಯ ಒಬ್ಬ ಅಜ್ಜಿಗೆ ಅದು ಗೊತ್ತೇ ಇರಲಿಲ್ಲ, ಕೋಟು ಹಾಕಿಕೊಂಡೇ ಮನೆಯೊಳಗೆ ಕೂರುತ್ತಿದ್ದರು. ಅರ್ಜಿ ತಂದು ಅವರ ಅಡುಗೆಮನೆಯ ಮೇಜಿನ ಮೇಲೇ ಕೂತು ತುಂಬಿದೆವು, ಅರ್ಧ ಗಂಟೆಯೂ ಹಿಡಿಯಲಿಲ್ಲ.