ದುಬೈ ಹೋಟೆಲ್ ಅಪಾರ್ಟ್‌ಮೆಂಟ್: ಬುಕ್ ಮಾಡುವ ಮುಂಚೆ, ಒಗ್ಗರಣೆ ಹಾಕುವ ಮುಂಚೆ

ನಾಲ್ಕೈದು ದಿನಕ್ಕೆ ದುಬೈಗೆ ಹೋಗುವ ಕುಟುಂಬಕ್ಕೆ ಎರಡು ರೂಮಿಗಿಂತ ಅಡುಗೆಮನೆಯಿರುವ ಒಂದು ಅಪಾರ್ಟ್‌ಮೆಂಟೇ ಸಾಮಾನ್ಯವಾಗಿ ಅಗ್ಗ. ದೇರಾ, ಅಲ್ ಬರ್ಶಾ, ಬರ್ ದುಬೈ ಕಡೆ ಇಂಥವು ಬೇಕಾದಷ್ಟಿವೆ. ನಮ್ಮ ಊಟ ಬೇಕೆನ್ನುವವರಿಗೆ ಬರ್ ದುಬೈಯೇ ವಾಸಿ. ಪಕ್ಕದ ಕರಾಮಾದಲ್ಲಿ ದಕ್ಷಿಣ ಭಾರತದ ಹೋಟೆಲು, ದಿನಸಿ ಅಂಗಡಿಗಳಿವೆ; ಬುರ್ಜುಮಾನ್‌ನಲ್ಲಿ ಮೆಟ್ರೋದ ಕೆಂಪು, ಹಸಿರು ಮಾರ್ಗಗಳು ಕೂಡುತ್ತವೆ. ಬೇಸಿಗೆಯಲ್ಲಿ ನಿಲ್ದಾಣದಿಂದ ಹತ್ತು ನಿಮಿಷ ನಡೆಯುವ ದೂರವೂ ಜಾಸ್ತಿಯೇ, ಬಾಡಿಗೆಯಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಗುತ್ತದೆ.

ಆ್ಯಪ್‌ನಲ್ಲಿ ಮೊದಲು ಕಾಣುವ ದರ ನಂಬಬೇಡಿ. ಅದರ ಮೇಲೆ ವ್ಯಾಟ್, ಸರ್ವಿಸ್ ಚಾರ್ಜ್, ಮುನಿಸಿಪಾಲಿಟಿ ಶುಲ್ಕ ಸೇರಬಹುದು. ಕೊನೆಯ ಪುಟದ ಮೊತ್ತವನ್ನೇ ಹೋಲಿಸಿ. ಟೂರಿಸಂ ದಿರ್ಹಮ್ ಎಂಬ ಶುಲ್ಕವನ್ನು ಹೆಚ್ಚಾಗಿ ಕೌಂಟರ್‌ನಲ್ಲೇ ವಸೂಲಿ ಮಾಡುತ್ತಾರೆ: ದರ್ಜೆಗೆ ತಕ್ಕಂತೆ ರಾತ್ರಿಗೆ 10ರಿಂದ 20 ದಿರ್ಹಮ್. ಲೆಕ್ಕ ತಲೆಗಲ್ಲ, ಬೆಡ್‌ರೂಮಿಗೆ. ಡಿಪಾಸಿಟ್‌ಗೆ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡಾದರೆ ಹಣ ಖಾತೆಯಿಂದಲೇ ಹೋಗಿ, ವಾಪಸ್ ಬರಲು ದಿನಗಟ್ಟಲೆ ಹಿಡಿಯುತ್ತದೆ.

ಸಾಮಾನು ಕಟ್ಟುವಾಗ ಒಂದು ಎಚ್ಚರಿಕೆ: ಗಸಗಸೆ ಯುಎಇಯಲ್ಲಿ ನಿಷಿದ್ಧ. ಚಿಟಿಕೆಯಷ್ಟೂ ಬೇಡ, ಗಸಗಸೆ ಹಾಕಿ ಪುಡಿ ಮಾಡಿದ ಮಸಾಲೆಯೂ ಬೇಡ. ಪ್ಲಗ್ ಪಾಯಿಂಟ್‌ಗಳು ಬ್ರಿಟಿಷ್ ಮಾದರಿಯವು, ಮೂರು ಚಪ್ಪಟೆ ಪಿನ್ನಿನವು, ಅಡಾಪ್ಟರ್ ಇರಲಿ.

ಒಲೆ ಯಾವುದೆಂದು ಮೊದಲೇ ಮೆಸೇಜ್ ಮಾಡಿ ಕೇಳಿ. ಇಂಡಕ್ಷನ್ ಆದರೆ ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು; ತಳಕ್ಕೆ ಆಯಸ್ಕಾಂತ ಕಚ್ಚುವ ಮೂರು ಲೀಟರಿನ ಸ್ಟೀಲ್ ಕುಕ್ಕರ್ ಒಯ್ಯಿರಿ. ಗಾಜಿನ ಮೇಲ್ಮೈಯ ಮಾಮೂಲಿ ಎಲೆಕ್ಟ್ರಿಕ್ ಒಲೆ ಆರಿಸಿದ ಮೇಲೂ ಕೆಲವು ನಿಮಿಷ ಕಾದಿರುತ್ತದೆ. ಹಾಲು ಉಕ್ಕುವುದು ಅಲ್ಲೇ: ಸ್ವಿಚ್ ಆರಿಸಿದರೆ ಸಾಲದು, ಪಾತ್ರೆ ಕೆಳಗಿಳಿಸಬೇಕು.

ಒಗ್ಗರಣೆಯದು ಬೇರೆಯೇ ಕಥೆ. ಒಣಮೆಣಸಿನಕಾಯಿಯ ಘಾಟು ಹೊಗೆಗೆ ಸ್ಮೋಕ್ ಡಿಟೆಕ್ಟರ್ ಕೂಗಿಬಿಡುತ್ತದೆ. ಎಣ್ಣೆ ಕಾಯಿಸುವ ಮುಂಚೆಯೇ ಚಿಮಣಿ ಹಾಕಿ, ಬೆಡ್‌ರೂಮಿನ ಬಾಗಿಲು ಮುಚ್ಚಿ, ತೆರೆಯಲು ಬರುವ ಕಿಟಕಿ ತೆರೆಯಿರಿ. ಸಾಸಿವೆ ಸಿಡಿದ ತಕ್ಷಣ ಒಲೆ ಆರಿಸಿ, ಆ ಬಿಸಿಗೇ ಮೆಣಸಿನಕಾಯಿ, ಕರಿಬೇವು ಹಾಕಿದರೆ ಸಾಕು. ಹೊಗೆ ಎದ್ದಿತೆಂದು ಮುಂಬಾಗಿಲು ಮಾತ್ರ ತೆರೆಯಬೇಡಿ. ಕಾರಿಡಾರಿನ ಡಿಟೆಕ್ಟರ್ ಕೂಗಿದರೆ ಇಡೀ ಕಟ್ಟಡವೇ ಕೆಳಗಿಳಿಯಬೇಕಾದೀತು.

ವಾಷಿಂಗ್ ಮಷಿನ್ನೇ ಬಟ್ಟೆ ಒಣಗಿಸುವ ಬಗೆಯದಾದರೆ ಅರ್ಧ ಮಾತ್ರ ತುಂಬಿ. ಪೂರ್ತಿ ತುಂಬಿದರೆ ಒಗೆಯುತ್ತದೆ, ಒಣಗಿಸುವುದಿಲ್ಲ. ಬಾಲ್ಕನಿ ಕಂಬಿಗೆ ಬಟ್ಟೆ ಹರವಿದರೆ ದಂಡ ಬೀಳಬಹುದು.

ಕೀ ಪಡೆದ ಕೂಡಲೇ ಪಾತ್ರೆ, ಲೋಟ, ಸೋಫಾದ ಕಲೆಗಳ ಫೋಟೊ ತೆಗೆದು ಕೌಂಟರ್‌ಗೆ ವಾಟ್ಸ್ಆ್ಯಪ್ ಮಾಡಿಬಿಡಿ. ಡಿಪಾಸಿಟ್‌ನಲ್ಲಿ ಮುರಿದುಕೊಳ್ಳುವುದು ಇವುಗಳ ಲೆಕ್ಕದಲ್ಲೇ.